ಕೊರಳಪಟ್ಟಿಯ ಏಳು ತೂತು

ಮೊನ್ನೆ ಮಗಳ ಊರಿಗೆ ಹೊರಟಿದ್ದೆವು. ಹಾಸಿಗೆ ಸುರುಳಿ ಕಟ್ಟಲು ಒಂದು ಹಗ್ಗ ಬೇಕಾಗಿತ್ತು. ನಮ್ಮ ಮನೆಯ ಹಗ್ಗಗಳ ಸ್ವಭಾವವೇ ಒಂದು ಥರ. ಬೇಡವಾದಾಗ ಕಾಲಿಗೆ ತೊಡರಿಕೊಳ್ಳುತ್ತವೆ, ಬೇಕಾದಾಗ ಮನೆಯೆಲ್ಲ ಜಾಲಾಡಿದರೂ ಕಣ್ಣಿಗೆ ಬೀಳುವುದಿಲ್ಲ. ಅಟ್ಟದ ಮೇಲಿನ ತಗಡಿನ ಪೆಟ್ಟಿಗೆಯಲ್ಲಿ ಕೈಯಾಡಿಸಿದಾಗ ಸಿಕ್ಕಿದ್ದು ಒಂದು ಹಳೆಯ ಚರ್ಮದ ಪಟ್ಟಿ. ಹಿತ್ತಾಳೆಯ ಕೊಕ್ಕೆ ಕಪ್ಪಾಗಿತ್ತು, ಚರ್ಮ ಒಣಗಿ ಸೆಟೆದುಕೊಂಡಿತ್ತು. ಅದೇನೆಂದು ಹೊಳೆಯುವ ಮೊದಲೇ ಹಾಸಿಗೆಯ ಸುತ್ತ ಎಳೆದು ನೋಡಿದೆ. ಅರ್ಧಕ್ಕೂ ಬರಲಿಲ್ಲ. ಬೆಳಕಿಗೆ ಹಿಡಿದಾಗ ತೂತುಗಳು ಕಂಡವು. ಮೂರು ತೂತು ದುಂಡಗೆ, ಅಳತೆಯಿಟ್ಟು ಕೊರೆದವು. ಸೋಮವಾರಪೇಟೆ ಸಂತೆಯಲ್ಲಿ ಚಪ್ಪಲಿ ಹೊಲಿಯುತ್ತಿದ್ದವನ ಕೆಲಸ. ಉಳಿದ ನಾಲ್ಕು ಅಡ್ಡಾದಿಡ್ಡಿ, ಒಂದು ಮೇಲೆ, ಒಂದು ಕೆಳಗೆ, ಅಂಚು ಸುಟ್ಟವು. ಅವು ನನ್ನವು. ಮೊಳೆ ಕಾಯಿಸಿ ನಾನೇ ಚುಚ್ಚಿದ್ದು. ಕೈಕೆಲಸದಲ್ಲಿ ನಾನು ಎಂಥವನೆಂದು ಅವನ್ನು ನೋಡಿದರೇ ಗೊತ್ತಾಗುತ್ತದೆ.

ಪಟ್ಟಿ ಸುಬೇದಾರನದು.

ಸುಬೇದಾರ ನಮ್ಮ ನಾಯಿ. ಕೊಡಗು ಆಗಿನ್ನೂ ಇಂಗ್ಲಿಷರ ಕೈಯಲ್ಲಿತ್ತು. ಮಡಿಕೇರಿಯಲ್ಲಿ ಕಮಿಷನರ್ ಸಾಹೇಬರು, ತಾಲ್ಲೂಕಿಗೊಬ್ಬರು ಸುಬೇದಾರರು, ಸೋಮವಾರಪೇಟೆಯಿಂದ ನಾಲ್ಕೈದು ಮೈಲಿ ಆಚೆಯ ಒಂದು ಹಳ್ಳಿಯ ಶಾಲೆಗೆ ನಾನೊಬ್ಬ ಮೇಷ್ಟ್ರು. ಶಾಲೆಗೆ ಅಂಟಿಕೊಂಡೇ ಎರಡು ಕೋಣೆಯ ಮನೆ. ಆ ನಾಯಿ ಶಾಲೆಯ ಜಗಲಿಯ ಮೇಲೆ ಮುಂಗಾಲು ಒಂದರ ಮೇಲೊಂದು ಇಟ್ಟುಕೊಂಡು, ಬಂದವರೆಲ್ಲ ಅರ್ಜಿ ಹಿಡಿದು ಬಂದಿದ್ದಾರೆಂಬಂತೆ ನೋಡುತ್ತಿತ್ತು. ಅದಕ್ಕೆ ಆ ಹೆಸರಿಟ್ಟೆ. ನಿಜವಾದ ಸುಬೇದಾರರು ಶಾಲೆ ನೋಡಲು ಬಂದ ದಿನ ಮಾತ್ರ ಅವನಿಗೆ ಹೆಸರಿರಲಿಲ್ಲ. "ಹಚಾ, ಹೋಗು" ಎಂದರೆ ಅವಮಾನವಾದವನಂತೆ ನನ್ನ ಮುಖ ನೋಡಿ, ಸುಬೇದಾರರ ಬೂಟಿನ ಮೇಲೆಯೇ ಗದ್ದವಿಟ್ಟು ಮಲಗಿದ. ನನ್ನ ವರ್ಗಾವಣೆ ಆಗಲಿಲ್ಲ, ಅವರು ಒಳ್ಳೆಯವರು.

ಹುಟ್ಟಿನಿಂದ ಅವನು ನಮ್ಮವನಲ್ಲ. ಬೆಳ್ಳಿಯಪ್ಪನವರ ಬೇಟೆನಾಯಿ. ಬೆಳ್ಳಿಯಪ್ಪನವರು ನಮ್ಮ ಪಕ್ಕದ ಕೊಡವರು; ಗದ್ದೆ, ಒಂದಿಷ್ಟು ಕಾಫಿ, ಗೋಡೆಗೆ ಒರಗಿಸಿಟ್ಟ ಕೋವಿ, ಅಂಗಳದಲ್ಲಿ ನಾಲ್ಕೈದು ನಾಯಿಗಳು. ಅವುಗಳಲ್ಲಿ ಒಂದು, ಕರಿಯದು, ಎದೆಯ ಮೇಲೆ ಬಿಳಿ ಮಚ್ಚೆಯದು, ಒಂದು ದಿನ ನಮ್ಮ ಹಿತ್ತಲಿಗೆ ಬಂದು ನಮ್ಮವಳು ಹಾಕಿದ ಮಜ್ಜಿಗೆ ಅನ್ನ ತಿಂದಿತು. ಮರುದಿನವೂ ಬಂತು. ಮೂರನೆಯ ದಿನ ಹೋಗಲೇ ಇಲ್ಲ. ಬೆಳ್ಳಿಯಪ್ಪನವರು ಹುಡುಕಿಕೊಂಡು ಬಂದಾಗ ಅದು ನಮ್ಮವಳ ಸೀರೆಯ ಮರೆಗೆ ಸರಿಯಿತು. ಹಂದಿ ಮಾಂಸ ತಿಂದು ಬೆಳೆದ ನಾಯಿ ಮಜ್ಜಿಗೆ ಅನ್ನಕ್ಕೆ ಮನೆ ಬದಲಿಸಿದ್ದನ್ನು ಅವರು ಸ್ವಲ್ಪ ಹೊತ್ತು ನಿಂತು ನೋಡಿದರು.

"ಎಂತ ಮಾಡೂದು ಅಮ್ಮ, ಅವನಿಗೆ ಇಲ್ಲಿ ಋಣ ಉಂಟು. ಇಟ್ಟುಕೊಳ್ಳಿ. ಬೇಟೆ ದಿನ ಮಾತ್ರ ನನಗೆ ಕಳಿಸಿಕೊಡಿ" ಎಂದರು.

ಹಾಗೆ ಸುಬೇದಾರ ಆರು ದಿನ ಮಡಿವಂತ, ಏಳನೆಯ ದಿನ ಬೇಟೆಗಾರ. ಬೆಳ್ಳಿಯಪ್ಪನವರು ಕೋವಿ ಹೆಗಲಿಗಿಟ್ಟು ಬೇಲಿಗೆ ಬಾಗಿಲಾಗಿ ಗಳು ಹಾಯಿಸಿದ ಉಣಗೋಲಿನ ಹತ್ತಿರ ನಿಂತರೆ ಸಾಕು, ಕರೆಯಬೇಕಾಗಿರಲಿಲ್ಲ. ಅಲ್ಲಿಯ ಪದ್ಧತಿಯಲ್ಲಿ ಬೇಟೆಯ ಮಾಂಸ ಹಂಚುವಾಗ ಓಡಿದ ನಾಯಿಗೂ ಒಂದು ಪಾಲು. ಸುಬೇದಾರನ ಪಾಲನ್ನು ಅವರು ತಮ್ಮ ಅಂಗಳದಲ್ಲೇ ತಿನ್ನಿಸಿ, ಸಂಜೆ ಮನೆಗೆ ತಂದುಬಿಟ್ಟು, ಉಣಗೋಲಿನ ಆಚೆಯಿಂದಲೇ ಕೂಗುತ್ತಿದ್ದರು: "ಅಮ್ಮಾ, ಬಾಯಿ ತೊಳೆಸಿದ್ದೇನೆ!" ಎಂಟು ವರ್ಷ ಇದೇ ಮಾತು. ಒಮ್ಮೆಯೂ ಆ ಮಾಂಸ ನಮ್ಮ ಬೇಲಿ ದಾಟಿ ಒಳಗೆ ಬರಲಿಲ್ಲ. ಅಷ್ಟು ಮರ್ಯಾದೆ ಅವರದು.

ಎಂಟನೆಯ ವರ್ಷದ ಬೇಸಗೆಯಲ್ಲಿ ಒಂದು ಬೆಳಿಗ್ಗೆ ಸುಬೇದಾರನ ಕೊರಳಪಟ್ಟಿ ಅವನ ಕಿವಿಯ ಮೇಲೆ ಬಂದು ಕೂತಿತ್ತು. ನಾನು ನಕ್ಕು ಎರಡನೆಯ ತೂತಿನಿಂದ ಮೂರನೆಯದಕ್ಕೆ ಹಾಕಿದೆ. ಚರ್ಮ ಹಿಗ್ಗಿರಬೇಕು ಎಂದುಕೊಂಡೆ. ಮನುಷ್ಯ ಏನೇನು ಅಂದುಕೊಳ್ಳುತ್ತಾನೆ ನೋಡಿ! ಮುಂಗಾರು ಹಿಡಿಯುವ ಹೊತ್ತಿಗೆ ಮೊಳೆ ಕಾಯಿಸಿ ನಾಲ್ಕನೆಯದನ್ನು ಚುಚ್ಚಿದೆ. ಚರ್ಮ ಹಿಗ್ಗಿರಲಿಲ್ಲ, ನಾಯಿ ಕರಗುತ್ತಿತ್ತು.

ಊರಿನಲ್ಲಿ ಮನುಷ್ಯನಿಗೆ ಕಾಯಿಲೆಯಾದರೆ ಔಷಧ ಹೇಳುವವರು ಹತ್ತು ಜನ; ನಾಯಿಗಾದರೆ ನೂರು ಜನ, ಏಕೆಂದರೆ ನಾಯಿ ತಿರುಗಿ ಮಾತಾಡುವುದಿಲ್ಲ. ಟಪಾಲಿನವನು ಹೊಟ್ಟೆಹುಳ ಎಂದ. ಅರ್ಚಕರು ದೃಷ್ಟಿ ಎಂದು ಕರಿದಾರ ಕೊಟ್ಟರು. ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಒಬ್ಬರು, ತಮ್ಮ ದೊರೆಯ ನಾಯಿ ಹೀಗೇ ಆಗಿ ಮೊಟ್ಟೆಯಲ್ಲಿ ಚೇತರಿಸಿಕೊಂಡಿತೆಂದು ಹೇಳಿ ಹೋದರು. ಮೊಟ್ಟೆ ಎಂದೊಡನೆ ನಾನು ನಮ್ಮವಳ ಮುಖ ನೋಡಿದೆ. ಮರುದಿನ ನೋಡಿದರೆ ಕೊಟ್ಟಿಗೆಯ ಮೂಲೆಯಲ್ಲಿ ಮೂರು ಕಲ್ಲು, ಅದರ ಮೇಲೊಂದು ಹಳೇ ಮಡಕೆ, ಮುಂದೆ ನಮ್ಮವಳು ಸೆರಗಿನಿಂದ ಮೂಗು ಮುಚ್ಚಿಕೊಂಡು, ಉದ್ದನೆಯ ಕೋಲಿನಿಂದ ಮೊಟ್ಟೆ ಕಲಕುತ್ತಿದ್ದಾಳೆ. ಪಕ್ಕದಲ್ಲಿ ಹಸು ಆಶ್ಚರ್ಯದಿಂದ ನೋಡುತ್ತಿದೆ. ಅದಾದ ಮೇಲೆ ಸ್ನಾನ, ಆಮೇಲೆ ನಮ್ಮ ಅಡುಗೆ. ದಿನಕ್ಕೆರಡು ಸ್ನಾನ ಮಾಡಿ ಅವಳಿಗೇ ಶೀತ ಹಿಡಿಯಿತು.

ನಾಯಿ ಮೊಟ್ಟೆಯನ್ನು ಮೂಸಿ, ನಮ್ಮ ಮುಖ ನೋಡಿ, ಒಂದು ತುತ್ತು ಬಾಯಲ್ಲಿ ಹಿಡಿದು ಶಾಲೆಯ ಹಿಂದಕ್ಕೆ ಹೋಗುತ್ತಿತ್ತು. ಬಂದು ಮತ್ತೊಂದು. "ಏನೂಂದ್ರೆ, ನೋಡಿ, ತಿಂತಿದಾನೆ!" ಎಂದು ನಮ್ಮವಳು ಹಿಗ್ಗಿದಳು. ನಾಲ್ಕು ದಿನ ನಮ್ಮ ಮನೆಯಲ್ಲಿ ಹಬ್ಬ. ಐದನೆಯ ದಿನ ಶಾಲೆಯ ಹಿಂದೆ ಕಾಗೆಗಳ ಗಲಾಟೆ ಕೇಳಿ ಹೋಗಿ ನೋಡಿದೆ. ಮಣ್ಣಿನಲ್ಲಿ ಸಾಲಾಗಿ ಸಣ್ಣ ಸಣ್ಣ ಗುಂಡಿಗಳು. ನಾಲ್ಕು ದಿನದ ಮೊಟ್ಟೆ, ಅನ್ನ ಎಲ್ಲ ಅಲ್ಲಿತ್ತು. ನಮ್ಮ ಸಮಾಧಾನಕ್ಕೆ ತಿಂದಂತೆ ಮಾಡಿ, ಹೂತಿಟ್ಟು ಬರುತ್ತಿದ್ದ.

ನನಗೆ ನಗು ಬಂತು, ಆಮೇಲೆ ಆ ಗುಂಡಿಗಳ ಪಕ್ಕದಲ್ಲೇ ಕೂತುಬಿಟ್ಟೆ. ಯಾಕೆಂದರೆ ಆ ವಿದ್ಯೆಯಲ್ಲಿ ನಾನೂ ಪಳಗಿದವನೇ. ಚಿಕ್ಕಂದಿನಲ್ಲಿ ನಾನು ಊಟಗಳ್ಳ. ಅಜ್ಜಿ ಹಿತ್ತಲಿನ ಮೆಟ್ಟಿಲ ಮೇಲೆ ಕೂರಿಸಿಕೊಂಡು ಕೈತುತ್ತು ಹಾಕುವಳು. ಕಾಗಕ್ಕನಿಗೊಂದು, ಗುಬ್ಬಕ್ಕನಿಗೊಂದು, ಕಾಶಿಗೆ ಹೋದ ತಾತನಿಗೊಂದು. ನಾನು ತಾತನ ತುತ್ತನ್ನು ದವಡೆಯಲ್ಲಿ ಅಡಗಿಸಿಟ್ಟುಕೊಂಡು, ಅವಳು ಕೈತೊಳೆಯಲು ಎದ್ದಾಗ ತುಂಬೆಗಿಡದ ಬುಡಕ್ಕೆ ಉಗಿಯುತ್ತಿದ್ದೆ. ಅವಳ ಕೈಯ ಉಪ್ಪಿನಕಾಯಿ ವಾಸನೆ ಈಗಲೂ ಮೂಗಿನಲ್ಲಿದೆ. ಅವಳಿಗೆ ಗೊತ್ತಿತ್ತೋ ಏನೋ. ಗೊತ್ತಿದ್ದೂ ಮರುದಿನ ಮತ್ತೆ ತಟ್ಟೆ ಹಿಡಿದು ಬರುತ್ತಿದ್ದಳಲ್ಲ, ಅವಳ ತಾಳ್ಮೆಯ ಕಾಲುಭಾಗವೂ ನನಗೆ ಬರಲಿಲ್ಲ. ಆ ಮಾತು ಮುಂದೆ ಬರುತ್ತದೆ.

ಸಂತೆಯ ದಿನ ಗಾಡಿಯಲ್ಲಿ ಹುಲ್ಲು ಹಾಸಿ ಅವನನ್ನು ಸೋಮವಾರಪೇಟೆಗೆ ಕರೆದೊಯ್ದೆ. ಆ ದಿನ ಅಲ್ಲಿಗೆ ಬಂದಿದ್ದ ದನದ ಡಾಕ್ಟರು ಬಾಯಿ ತೆರೆಸಿ ನೋಡಿದರು, ಹೊಟ್ಟೆ ಒತ್ತಿದರು, ಕಣ್ಣರೆಪ್ಪೆ ಬಿಡಿಸಿದರು. ಎಷ್ಟೋ ಹೊತ್ತು ನೋಡಿದರು, ಸುಳ್ಳು ಹೇಳಬಾರದು.

"ಹಲ್ಲು ಗಟ್ಟಿ ಇದೆ. ಜ್ವರ ಇಲ್ಲ. ಗಂಟು ಗಿಂಟು ಏನೂ ಕೈಗೆ ಸಿಗ್ತಿಲ್ಲ. ಹುಳಕ್ಕೆ ಒಂದು ಪುಡಿ ಕೊಡ್ತೀನಿ. ಆದ್ರೆ ಇಂಥದ್ದೇ ಅಂತ ಹೇಳೋಕೆ ನಂಗೆ ಗೊತ್ತಾಗ್ತಿಲ್ಲ ಮೇಷ್ಟ್ರೇ."

"ಮತ್ತೆ ಏನು ಮಾಡ್ಲಿ?"

"ತಿನ್ನಿಸ್ಬೇಕು. ಹೆಂಗಾದ್ರೂ ಸರಿ."

ಈ 'ಹೆಂಗಾದರೂ' ಎಂಬ ಮಾತಿನ ಭಾರ ಡಾಕ್ಟರಿಗೆ ಗೊತ್ತಿರುವುದಿಲ್ಲ, ತಿನ್ನಿಸುವವರಿಗೆ ಗೊತ್ತು. ಬೆಳಿಗ್ಗೆ ಗಂಜಿ, ಹತ್ತಕ್ಕೆ ಹಾಲು, ಮಧ್ಯಾಹ್ನ ಪಾಠ ಬಿಟ್ಟು ಬಂದು ಮೊಟ್ಟೆ, ಸಂಜೆ ಪುಡಿ ಕಲಸಿದ ಬೆಲ್ಲ. ಬಾಯಿ ಬಿಡಿಸುವುದು, ಬೆರಳಿನಿಂದ ಒಳಗೆ ತಳ್ಳುವುದು, ಗಂಟಲು ಸವರುವುದು, ಇಳಿಯಿತೆಂದು ಕೈಬಿಟ್ಟೊಡನೆ ಅವನು ಅದನ್ನು ನನ್ನ ಪಂಚೆಯ ಮೇಲೆ ಮೆಲ್ಲಗೆ ಇಡುವುದು. ಕೋಪದಿಂದಲ್ಲ, ಪರರ ವಸ್ತು ಒಪ್ಪಿಸಿದಂತೆ. ಐದನೆಯ ತೂತು ಚುಚ್ಚಿದೆ. ಪಾಠದ ನಡುವೆ ನನಗೆ ತೂಕಡಿಕೆ ಬರುತ್ತಿತ್ತು. ಮಕ್ಕಳು ಮಗ್ಗಿಯನ್ನು ತಪ್ಪಾಗಿ ಹೇಳಿದರೂ "ಹೂಂ, ಮುಂದೆ" ಎನ್ನುತ್ತಿದ್ದೆ. ಆ ವರ್ಷ ನನ್ನ ಕೈಯಲ್ಲಿ ಕಲಿತವರಿಗೆ ಹದಿನೇಳರ ಮಗ್ಗಿ ಈಗಲೂ ಬರಲಾರದು.

ಕಕ್ಕಡದ ತಿಂಗಳು ಬಂತು. ಅದು ನಾಟಿಯ ತಿಂಗಳು, ಕೊಡವರು ತಲೆಯೆತ್ತದೆ ಗದ್ದೆಯಲ್ಲಿರುವ ಕಾಲ. ಒಂದು ಬೆಳಿಗ್ಗೆ ನಮ್ಮವಳು ಕುಡಿಸಿದ ಹಾಲೆಲ್ಲ ಅವನು ಜಗಲಿಯ ಮೇಲೆ ಕಾರಿದ. ಅವಳು ಶೀತದ ಮೂಗು ಎಳೆದುಕೊಳ್ಳುತ್ತ, ಬಗ್ಗಿ ಒರೆಸಿದಳು. ಒರೆಸಿ ಎದ್ದವಳು ಬಾಗಿಲು ಹಿಡಿದುಕೊಂಡು ಒಂದು ನಿಮಿಷ ಹಾಗೇ ನಿಂತಳು. ನಾನು ಕೊಡೆ ತೆಗೆದುಕೊಂಡು ನೇರ ಬೆಳ್ಳಿಯಪ್ಪನವರ ಗದ್ದೆಗೆ ಹೋದೆ.

ಅವರು ಬದುವಿನ ಮೇಲೆ ನೀರು ಕಟ್ಟುತ್ತಿದ್ದರು. ನಾನು ಮಳೆಯ ಮಾತಾಡಿದೆ, ಸಸಿಯ ಮಾತಾಡಿದೆ. ಅವರು ಗುದ್ದಲಿ ಊರಿ ನಿಂತು ಕಾದರು.

"ಬೆಳ್ಳಿಯಪ್ಪನವರೇ, ನಿಮ್ಮಿಂದ ಒಂದು ಉಪಕಾರ ಆಗ್ಬೇಕು" ಎಂದೆ.

"ಸುಬೇದಾರನಿಗಾ?"

ತಲೆಯಾಡಿಸಿದೆ.

ಅವರು ಆಚೆ ನೋಡಿದರು. "ಈಗ ಆಗೂದಿಲ್ಲ ಮೇಷ್ಟ್ರೇ. ಕೋವಿ ದೇವರ ಕೋಣೆಯಲ್ಲುಂಟು. ಕೈಲ್‌ಪೊಳ್ದ್ ಆಗದೆ ನಮ್ಮ ಮನೆಯಲ್ಲಿ ಅದನ್ನು ಮುಟ್ಟೂದಿಲ್ಲ."

ನಾಟಿಯ ಕೆಲಸ ಮುಗಿಯುವವರೆಗೆ ಕೋವಿ, ಕತ್ತಿಗಳನ್ನು ಒಳಗಿಟ್ಟು, ಕೈಲ್‌ಪೊಳ್ದ್ ಹಬ್ಬದ ದಿನ ಪೂಜೆ ಮಾಡಿ ಹೊರತೆಗೆಯುವುದು ಅವರ ಕಟ್ಟುಪಾಡು. ಎಂಟು ವರ್ಷದಿಂದ ನೋಡಿದ್ದರೂ ನನಗೆ ಮರೆತುಹೋಗಿತ್ತು.

"ಎಷ್ಟು ದಿನ?"

"ಇಪ್ಪತ್ತು ದಿನ ಉಂಟು. ಹಬ್ಬದ ಮರುದಿನ ಬರ್ತೇನೆ."

ಸಾವು ಕೇಳಲು ಹೋದವನನ್ನು ಹಬ್ಬದ ದಿನ ಹೇಳಿ ಕಳಿಸಿದರು. ನಿಮ್ಮ ಹತ್ತಿರ ಮುಚ್ಚಿಡುವುದೇನು, ನನಗೆ ಆಗ ಬಂದದ್ದು ನೆಮ್ಮದಿಯಲ್ಲ, ಸಿಟ್ಟು. ಇನ್ನೂ ಇಪ್ಪತ್ತು ದಿನವೇ ಎನ್ನಿಸಿತು. ನನಗೆ ಸಾಕಾಗಿತ್ತು. ಪ್ರೀತಿ ಇರಲಿಲ್ಲವೆಂದಲ್ಲ, ಪ್ರೀತಿಗೂ ಸೊಂಟ ನೋಯುತ್ತದೆ. ಮನೆಗೆ ಬಂದು ಕೈ ತೊಳೆದುಕೊಂಡೆ. ಏನೂ ಮುಟ್ಟಿರಲಿಲ್ಲ, ಆದರೂ ಮೂರು ಸಲ ತೊಳೆದುಕೊಂಡೆ. ನಮ್ಮವಳಿಗೆ ಹೇಳಲಿಲ್ಲ.

ಒಂದು ಮಾತು ಆಡಿ ಬಂದ ಮೇಲೆ ಉಣ್ಣಿಸುವುದಿದೆಯಲ್ಲ, ಅದು ಮೊದಲಿಗಿಂತ ಕಷ್ಟ. ತುತ್ತು ಹಿಡಿದರೆ ಅವನು ನನ್ನ ಕಣ್ಣು ನೋಡುತ್ತಿದ್ದ. ನಾನು ಅವನ ಕಿವಿ ನೋಡುತ್ತಿದ್ದೆ. ಗೋಣಿಚೀಲದ ಮೇಲೆ ನನ್ನ ಹಳೆಯ ಶಾಲು ಹಾಸಿದೆ. "ಇದೇನು, ಶಾಲೂ ಅವನಿಗಾಯ್ತಾ?" ಎಂದಳು ಅವಳು. ಆರನೆಯ ತೂತು ಕಕ್ಕಡದ ಕೊನೆಗೆ, ಏಳನೆಯದು ಹಬ್ಬದ ಹಿಂದಿನ ವಾರ. ಏಳನೆಯದನ್ನು ಚುಚ್ಚುವಾಗ ಇನ್ನು ಎಂಟನೆಯದು ಬೇಕಾಗಲಾರದೆಂದು ಲೆಕ್ಕ ಹಾಕಿದೆ. ಹಾಕಿದ್ದು ನಾನೇ, ಬೇರೆ ಯಾರೂ ಅಲ್ಲ.

ಹಬ್ಬದ ಮರುದಿನ ಬೆಳಿಗ್ಗೆ ಬೆಳ್ಳಿಯಪ್ಪನವರು ಬಂದರು. ಹೆಗಲಲ್ಲಿ ಕೋವಿ, ಅದರ ತುದಿಯಲ್ಲಿ ಹಿಂದಿನ ದಿನ ಪೂಜೆಗೆ ಸಿಕ್ಕಿಸಿದ ಕೆಂಪು ಕೋವಿಹೂ ಬಾಡಿ ನೇತಾಡುತ್ತಿತ್ತು. ಕೈಯಲ್ಲಿ ಬಾಳೆಲೆಯ ಒಂದು ಪೊಟ್ಟಣ. ಉಣಗೋಲಿನ ಹತ್ತಿರ ನಿಂತರು. ಒಳಗೆ ಒರಳುಕಲ್ಲಿನ ಸದ್ದು ಜೋರಾಗಿತ್ತು. ದೋಸೆಗೆ ರುಬ್ಬುತ್ತಿದ್ದಾಳೆ, ಒಳ್ಳೆಯದೇ ಆಯಿತು ಎಂದುಕೊಂಡೆ.

ನಾಲ್ಕು ದಿನದಿಂದ ಸುಬೇದಾರ ತಲೆ ಎತ್ತಿರಲಿಲ್ಲ. ಈಗ ಒಂದು ಕಿವಿ ಎತ್ತಿದ. ಆಮೇಲೆ ತಲೆ. ಅವನ ಕಣ್ಣು ಕೋವಿಯ ಮೇಲೆ ನಿಂತಿತು. ಮುಂಗಾಲು ಊರಿ, ಹಿಂಗಾಲು ನಡುಗಿ, ಒಮ್ಮೆ ಕುಸಿದು ಮತ್ತೆ ಎದ್ದ. ಬಾಲ ಆಡತೊಡಗಿತು. ಜಗಲಿಯಿಂದ ಒಂದೊಂದೇ ಮೆಟ್ಟಿಲು ಇಳಿದು, ಅಂಗಳ ದಾಟಿ, ಬೆಳ್ಳಿಯಪ್ಪನವರ ಮುಂದೆ ಹೋಗಿ, ಕಾಡಿನ ದಾರಿಗೆ ಮುಖ ಮಾಡಿ ನಿಂತ. ತಿರುಗಿ ನೋಡಿದ, ಯಾಕೆ ತಡ ಎನ್ನುವಂತೆ.

ಬೆಳ್ಳಿಯಪ್ಪನವರು ಕೋವಿಯನ್ನು ಹೆಗಲಿನಿಂದ ಇಳಿಸಿ ಅದರ ಬುಡವನ್ನು ನೆಲಕ್ಕೆ ಊರಿದರು. ಆಮೇಲೆ, "ಮೇಷ್ಟ್ರೇ, ಇವ ಬೇಟೆಗೆ ಹೊರಟಿದ್ದಾನೆ" ಎಂದರು. "ಹೊರಟವನ ಮೇಲೆ ನಾನು ಹೇಗೆ ಕೋವಿ ಹಿಡೀಲಿ?"

ನಾವು ಮೂವರೂ ಬೇಟೆಗೆ ಹೋದೆವು. ಗದ್ದೆಯ ಅಂಚಿನವರೆಗೆ ಇನ್ನೂರು ಹೆಜ್ಜೆ. ಅಷ್ಟಕ್ಕೆ ಅರ್ಧ ಗಂಟೆ ಹಿಡಿಯಿತು. ಹುಟ್ಟಿದ ಮೇಲೆ ಬೇಟೆಗೆ ಹೋಗದ ನಾನು, ಪಂಚೆ ಎತ್ತಿ ಕಟ್ಟಿ, ಕೊಡೆಯನ್ನು ಹೆಗಲ ಮೇಲಿಟ್ಟು ಹಿಂದೆ ನಡೆದೆ. ಬೆಳ್ಳಿಯಪ್ಪನವರು ಆಕಾಶಕ್ಕೆ ಒಂದು ಈಡು ಹಾರಿಸಿದರು. ಸುಬೇದಾರ ಬದುವಿನ ಹುಲ್ಲಿನಲ್ಲಿ ಮೂಗು ತೂರಿಸಿ ಬಿದ್ದದ್ದನ್ನು ಹುಡುಕಿದ. ಏನೂ ಬಿದ್ದಿರಲಿಲ್ಲ. ಹುಡುಕುತ್ತಲೇ ಇದ್ದ. ಆಗ ಅವರು ಬಾಳೆಲೆ ಬಿಡಿಸಿ ಹಬ್ಬದ ಕಡಂಬುಟ್ಟು ಎಂಬ ಅಕ್ಕಿಯುಂಡೆ, ಹಂದಿ ಮಾಂಸವನ್ನು ಮೆಲ್ಲಗೆ ಹುಲ್ಲಿನ ಮೇಲೆ ಇಟ್ಟರು. ಅವನು ತಿಂದ. ಹೂತಿಡಲಿಲ್ಲ, ನಮ್ಮ ಮುಖ ನೋಡಲಿಲ್ಲ. ಬೇಟೆಯಾಡಿದವನ ಹಾಗೆ ತಿಂದ. ನಾನು ಗದ್ದೆಯ ಕಡೆ ತಿರುಗಿ ನಿಂತು ಅತ್ತೆ.

"ಬಾಯಿ ತೊಳೆಸಬೇಕಲ್ಲ" ಎಂದರು ಬೆಳ್ಳಿಯಪ್ಪನವರು.

ನಾವು ಮನೆಗೆ ಮರಳಿದಾಗ ಒರಳಿನ ಸದ್ದು ನಿಂತಿತ್ತು. ನಮ್ಮವಳು ಬಾಗಿಲಿಗೆ ಬಂದು ನಾಯಿಯನ್ನು ನೋಡಿದಳು, ನನ್ನನ್ನು ನೋಡಿದಳು, ಒಳಗೆ ಹೋದಳು. ಅಷ್ಟೇ.

ಆಮೇಲೆ ಒಂಬತ್ತು ದಿನ ಬೆಳ್ಳಿಯಪ್ಪನವರು ತಪ್ಪದೆ ಬಂದರು. ಕೋವಿ ಹಿಡಿದು ಉಣಗೋಲಿನ ಹತ್ತಿರ ನಿಲ್ಲುವುದು, ಅವನು ಎದ್ದು ಬರುವುದು, ನಾಲ್ಕು ಹೆಜ್ಜೆ ಹೋಗಿ ತಿನ್ನುವುದು. ಒಂದು ದಿನ ಅವರಿಗೆ ಪುರಸೊತ್ತಿಲ್ಲವೆಂದು ಕೋವಿ ನನ್ನ ಕೈಗೆ ಕೊಟ್ಟು ಹೋದರು, ಮದ್ದು ಇಲ್ಲದ್ದು. ಶಾಲೆಯ ಮಕ್ಕಳೆಲ್ಲ ಕಿಟಕಿಯಿಂದ ನೋಡುತ್ತಿರಲು ನಾನು ಅದನ್ನು ಒನಕೆಯ ಹಾಗೆ ತಬ್ಬಿಕೊಂಡು ನಿಂತೆ. ಸುಬೇದಾರನಿಗೆ ನಂಬಿಕೆ ಬರಲಿಲ್ಲ, ಆದರೂ ಮರ್ಯಾದೆಗೆ ಎರಡು ತುತ್ತು ತಿಂದ. ನಾನು ಆಸೆಯಿಂದ ಪಟ್ಟಿಯನ್ನು ಆರನೆಯ ತೂತಿಗೆ ಹಾಕಿ ನೋಡಿದೆ. ಜಾರಿ ಕಿವಿಯವರೆಗೆ ಬಂತು. ಮತ್ತೆ ಏಳಕ್ಕೇ ಹಾಕಿದೆ.

ಹತ್ತನೆಯ ದಿನ ಕೋವಿ ಬಂದಾಗ ಬಾಲ ಮಾತ್ರ ಆಡಿತು. ಮಧ್ಯಾಹ್ನದ ಗಂಟೆ ಹೊಡೆಯುವ ಮೊದಲೇ ಹೋದ. ಹಿತ್ತಲಿನ ಕಿತ್ತಳೆ ಗಿಡದ ಬುಡದಲ್ಲಿ ಶಾಲಿನ ಜೊತೆಗೇ ಮಣ್ಣು ಮಾಡಿದೆವು. ಪಟ್ಟಿ ಮಾತ್ರ ನಾನು ಬಿಚ್ಚಿಟ್ಟುಕೊಂಡೆ. ಏನು ಕಾಯಿಲೆಯೆಂದು ಯಾರಿಗೂ ಕೊನೆಯವರೆಗೆ ತಿಳಿಯಲಿಲ್ಲ.

ಎರಡು ವಾರದ ಮೇಲೆ ಊರವರು ಆ ವರ್ಷದ ಮೊದಲ ಬೇಟೆಗೆ ಹೋಗಿ ಹಂದಿ ಹೊಡೆದರು. ಸಂಜೆ ಬೆಳ್ಳಿಯಪ್ಪನವರು ಉಣಗೋಲಿನ ಹತ್ತಿರ ನಿಂತಿದ್ದರು. ಕೈಯಲ್ಲಿ ಎಲೆಯಲ್ಲಿ ಸುತ್ತಿ ಬಾಳೆನಾರಿನಿಂದ ಕಟ್ಟಿದ ಪೊಟ್ಟಣ.

"ಸುಬೇದಾರನ ಪಾಲು" ಎಂದರು.

"ಅವನು ಓಡಲಿಲ್ವಲ್ಲ ಬೆಳ್ಳಿಯಪ್ಪನವರೇ."

"ಹೊರಟಿದ್ದನಲ್ಲ ಮೇಷ್ಟ್ರೇ. ಹೊರಟವನಿಗೆ ಪಾಲುಂಟು. ಎಲ್ಲರೂ ಒಪ್ಪಿ ತೆಗೆದಿಟ್ಟದ್ದು."

ನಾನು ಏನು ಮಾಡಲೆಂದು ತೋಚದೆ ನಿಂತಿದ್ದಾಗ ನಮ್ಮವಳು ನನ್ನನ್ನು ದಾಟಿ ಹೋದಳು. ಸೆರಗು ಮೂಗಿಗೆ ಹೋಗಲಿಲ್ಲ. ಎರಡೂ ಕೈ ಚಾಚಿ ಪೊಟ್ಟಣ ತೆಗೆದುಕೊಂಡು, "ಒಳಗೆ ಬನ್ನಿ ಅಣ್ಣ" ಎಂದಳು. ಅವಳೇ ಕಿತ್ತಳೆ ಗಿಡದ ಹತ್ತಿರ ಒಯ್ದಳು. ನಾನು ಗುಂಡಿ ತೋಡಿದೆ.

ಇಷ್ಟೆಲ್ಲ ನೆನಪು ಮಾಡಿಕೊಂಡು ಪಟ್ಟಿ ಹಿಡಿದು ಕೂತಿದ್ದೆ. "ಬಸ್ಸಿಗೆ ಹೊತ್ತಾಯ್ತು, ಹಗ್ಗ ಸಿಕ್ತಾ?" ಎನ್ನುತ್ತ ನಮ್ಮವಳು ಬಂದಳು. ಪಟ್ಟಿ ನೋಡಿ ಹಾಸಿಗೆಯ ಮೇಲೆ ಕೂತಳು. ತೂತುಗಳ ಮೇಲೆ ಬೆರಳಾಡಿಸಿದಳು. ಇಷ್ಟು ವರ್ಷ ಬಾಯಿಗೆ ಬಾರದ ಮಾತು, ವಯಸ್ಸಾದದ್ದಕ್ಕೋ ಏನೋ, ಆಗ ಬಂತು.

"ಆ ಹಬ್ಬದ ಮಾರನೇ ದಿನ ಬೆಳ್ಳಿಯಪ್ಪನವರು ಸುಮ್ನೆ ಬಂದಿರ್ಲಿಲ್ಲ. ನಾನೇ ಹೋಗಿ ಕೇಳಿದ್ದೆ" ಎಂದೆ.

"ಗೊತ್ತು. ಗದ್ದೆಯಿಂದ ಬಂದು ಮೂರು ಸಲ ಕೈ ತೊಳ್ಕೊಂಡ್ರಲ್ಲ, ಅವತ್ತೇ ಗೊತ್ತಾಯ್ತು."

"ಮತ್ತೆ ಯಾಕೆ ತಡೀಲಿಲ್ಲ?"

ಅವಳು ಕೊಕ್ಕೆಯನ್ನು ಏಳನೆಯ ತೂತಿಗೆ ಹಾಕಿ, ಬಿಚ್ಚಿ, ಮತ್ತೆ ಹಾಕಿದಳು.

"ಅವತ್ತು ಒರಳಲ್ಲಿ ಏನೂ ಇರ್ಲಿಲ್ಲ ಕಣ್ರೀ. ಈಡಿನ ಸದ್ದು ಕೇಳಬಾರ್ದು ಅಂತ ಬರೀ ಕಲ್ಲು ತಿರುಗಿಸ್ತಾ ಕೂತಿದ್ದೆ. ನಂಗೂ ಸಾಕಾಗಿತ್ತು."

ಆ ದಿನದ ಬಸ್ಸು ತಪ್ಪಿತು.